ಕನ್ನಡ ಕಿವಿಗೆ ಕೇಳಿಸದ ತಪ್ಪುಗಳು: ಎಸ್‌ಎಸ್‌ಸಿ ಇಂಗ್ಲಿಷ್ ಅಭ್ಯಾಸ

'ಒನ್ ಆಫ್ ದಿ ಪ್ಯಾಸೆಂಜರ್ಸ್ / ಹೂ ವಾಸ್ ಟ್ರಾವೆಲಿಂಗ್ ಇನ್ ದಿ ಬಸ್ / ಹ್ಯಾಸ್ ಲಾಸ್ಟ್ ಹಿಸ್ ಬ್ಯಾಗ್ / ನೋ ಎರರ್.'

ಎಸ್‌ಎಸ್‌ಸಿ (ಕೇಂದ್ರ ಸರ್ಕಾರದ ಹುದ್ದೆಗಳಿಗೆ ನೇಮಕ ಮಾಡುವ ಸಿಬ್ಬಂದಿ ಆಯ್ಕೆ ಆಯೋಗ) ಪರೀಕ್ಷೆಯಲ್ಲಿ ತಪ್ಪು ಹುಡುಕುವ ಪ್ರಶ್ನೆ ಹೆಚ್ಚುಕಡಿಮೆ ಹೀಗೇ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲು ನೋಡುವುದು 'ಹ್ಯಾಸ್' ಕಡೆಗೆ. 'ಒನ್' ಇದೆ, ಹಾಗಾಗಿ 'ಹ್ಯಾಸ್' ಸರಿ. ಉಳಿದದ್ದೆಲ್ಲ ಕಿವಿಗೆ ಸರಿಯಾಗೇ ಕೇಳಿಸುತ್ತದೆ, 'ನೋ ಎರರ್' ಒತ್ತಿ ಮುಂದಕ್ಕೆ ಹೋಗುತ್ತಾರೆ. ಎರಡು ಅಂಕ ಹೋಯಿತು, ಮೇಲೆ ಅರ್ಧ ಅಂಕ ದಂಡ. ತಪ್ಪಿದ್ದದ್ದು 'ವಾಸ್'ನಲ್ಲಿ. 'ಹೂ' ಅನ್ನುವುದು 'ಒನ್'ಗೆ ಸೇರಿದ್ದಲ್ಲ, ಅದರ ಪಕ್ಕದ 'ಪ್ಯಾಸೆಂಜರ್ಸ್'ಗೆ ಸೇರಿದ್ದು. ಆದ್ದರಿಂದ ಅಲ್ಲಿ 'ವರ್' ಬರಬೇಕು.

ಇದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ: 'ಬಸ್ಸಿನಲ್ಲಿ ಹೋಗುತ್ತಿದ್ದ ಪ್ರಯಾಣಿಕರಲ್ಲಿ ಒಬ್ಬರು ಬ್ಯಾಗ್ ಕಳೆದುಕೊಂಡಿದ್ದಾರೆ.' 'ಹೋಗುತ್ತಿದ್ದ' ಎಂಬ ಪದಕ್ಕೆ ಏಕವಚನವೂ ಇಲ್ಲ, ಬಹುವಚನವೂ ಇಲ್ಲ. ಒಬ್ಬ ಹೋಗುತ್ತಿದ್ದರೂ ನೂರು ಜನ ಹೋಗುತ್ತಿದ್ದರೂ ಅದು 'ಹೋಗುತ್ತಿದ್ದ'ವೇ. ನಮ್ಮ ಭಾಷೆಯಲ್ಲಿ ಆ ಜಾಗದಲ್ಲಿ ವಚನದ ಲೆಕ್ಕವೇ ಇಲ್ಲದಿರುವಾಗ ತಪ್ಪು ಕೇಳಿಸುವುದಾದರೂ ಹೇಗೆ? ಮೂರು ತಿಂಗಳ ಅಭ್ಯಾಸದಲ್ಲಿ ನಿಜವಾಗಿ ನಡೆಯಬೇಕಾದ ಕೆಲಸ ಇಂಥ ಜಾಗಗಳನ್ನು ಒಂದೊಂದಾಗಿ ಗುರುತು ಹಾಕಿಕೊಳ್ಳುವುದು. ವ್ಯಾಕರಣದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವುದಲ್ಲ.

ಇಷ್ಟು ಶ್ರಮ ಯಾಕೆ ಅನ್ನುವವರು ಪದವೀಧರರಿಗಿರುವ ಸಿಜಿಎಲ್ ಪರೀಕ್ಷೆಯ ಅಂಕಗಳ ಹಂಚಿಕೆ ನೋಡಬೇಕು. ಮೊದಲ ಹಂತದಲ್ಲಿ 100 ಪ್ರಶ್ನೆ, 200 ಅಂಕ, 60 ನಿಮಿಷ. ಅದರಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ಎರಡನೇ ಹಂತದ ಮೊದಲ ಪತ್ರಿಕೆಯಲ್ಲಿ ರ‍್ಯಾಂಕಿಗೆ ಲೆಕ್ಕವಾಗುವ 390 ಅಂಕಗಳಲ್ಲಿ ಇಂಗ್ಲಿಷ್ ಒಂದಕ್ಕೇ 45 ಪ್ರಶ್ನೆ, 135 ಅಂಕ. ಗಣಿತಕ್ಕೆ 90, ರೀಸನಿಂಗ್‌ಗೆ 90. ಆದರೂ ದಿನಕ್ಕೆ ನಾಲ್ಕು ಗಂಟೆ ಗಣಿತಕ್ಕೆ ಕೊಟ್ಟು, ಇಂಗ್ಲಿಷನ್ನು ರಾತ್ರಿ ಊಟವಾದ ಮೇಲೆ ನಿದ್ದೆ ಬರುವತನಕ ಓದುವವರೇ ಹೆಚ್ಚು. ನಮ್ಮಲ್ಲಿ ಇದಕ್ಕೊಂದು ಕಾರಣವೂ ಇದೆ. ರಾಜ್ಯದ ಕೆಪಿಎಸ್‌ಸಿ ನಡೆಸುವ ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆಗಳಲ್ಲಿ ಸಾಮಾನ್ಯ ಕನ್ನಡ ಅಥವಾ ಸಾಮಾನ್ಯ ಇಂಗ್ಲಿಷ್ ಎಂಬ ಆಯ್ಕೆ ಇರುವುದರಿಂದ ಕನ್ನಡವನ್ನೇ ಆರಿಸಿ ಇಂಗ್ಲಿಷಿನಿಂದ ತಪ್ಪಿಸಿಕೊಳ್ಳಬಹುದು. ಎಸ್‌ಎಸ್‌ಸಿಯಲ್ಲಿ ಆ ದಾರಿಯಿಲ್ಲ. ಎಸ್‌ಎಸ್‌ಸಿಯದ್ದೇ ಹತ್ತನೇ ತರಗತಿ, ಪಿಯುಸಿ ಮಟ್ಟದ ಎಂಟಿಎಸ್, ಸಿಎಚ್‌ಎಸ್‌ಎಲ್ ಪರೀಕ್ಷೆಗಳನ್ನು ಕನ್ನಡದಲ್ಲೂ ಬರೆಯಬಹುದು ಎಂದು 2023ರಲ್ಲಿ ಪ್ರಕಟವಾದಾಗ ಇನ್ನು ತೊಂದರೆ ತಪ್ಪಿತು ಅಂದುಕೊಂಡವರಿದ್ದಾರೆ. ಅಲ್ಲಿಯೂ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರುತ್ತದೆ.

ಮೊದಲ ದಿನ ಏನನ್ನೂ ಓದದೆ ಒಂದು ಹಳೆಯ ಪ್ರಶ್ನೆಪತ್ರಿಕೆಯ 25 ಪ್ರಶ್ನೆಗಳನ್ನು ಗಡಿಯಾರ ಇಟ್ಟು ಬಿಡಿಸಬೇಕು. ಎಂಟು ಬಂದರೂ ಸರಿ, ಹದಿನೆಂಟು ಬಂದರೂ ಸರಿ, ಅಂದು ನಮಗೆ ಬೇಕಾದದ್ದು ಅಂಕವಲ್ಲ. ತಪ್ಪಾದ ಪ್ರತಿಯೊಂದು ಪ್ರಶ್ನೆಯನ್ನೂ 200 ಪುಟದ ಒಂದು ನೋಟ್‌ಬುಕ್ಕಿಗೆ ಇಳಿಸಬೇಕು. ಪುಟಕ್ಕೆ ನಾಲ್ಕು ಕಾಲಂ: ವಾಕ್ಯ, ನಾವು ಒತ್ತಿದ ಉತ್ತರ, ಸರಿ ಉತ್ತರ, ಯಾಕೆ ತಪ್ಪಿತು. ಮೊದಲ ಮೂರನ್ನು ಎಲ್ಲರೂ ತುಂಬುತ್ತಾರೆ. ನಾಲ್ಕನೆಯದನ್ನು ತುಂಬಲು ಬೇಜಾರು, ಆದರೆ ಪುಸ್ತಕದ ಬೆಲೆ ಇರುವುದೇ ಅಲ್ಲಿ. ಅಲ್ಲಿಗೆ ನಾಲ್ಕೇ ಕಾರಣ ಸಾಕು: ನಿಯಮ ಗೊತ್ತಿರಲಿಲ್ಲ, ಗೊತ್ತಿತ್ತು ಆದರೆ ಕಣ್ಣು ತಪ್ಪಿತು, ಕನ್ನಡದಲ್ಲಿ ಯೋಚಿಸಿ ಒತ್ತಿದೆ, ಪದವೇ ಗೊತ್ತಿರಲಿಲ್ಲ. ಗೊ, ಕ, ಕನ್, ಪ ಅಂತ ಅಂಚಿನಲ್ಲಿ ಗುರುತು ಹಾಕಿಕೊಂಡರೆ ಆಯಿತು. ಹತ್ತು ಪತ್ರಿಕೆ ಮುಗಿಯುವ ಹೊತ್ತಿಗೆ ಯಾವ ಗುರುತು ಹೆಚ್ಚಿದೆ ಎಂದು ಎಣಿಸಿದರೆ ಮುಂದಿನ ತಿಂಗಳು ಏನು ಮಾಡಬೇಕು ಎಂಬುದನ್ನು ಪುಸ್ತಕವೇ ಹೇಳುತ್ತದೆ. 'ಕ' ಹೆಚ್ಚಿದ್ದವರಿಗೆ ಇನ್ನಷ್ಟು ನಿಯಮ ಓದಿ ಪ್ರಯೋಜನವಿಲ್ಲ. ಅವರು ಓದುವ ವೇಗ ಇಳಿಸಬೇಕು.

'ಕನ್' ಗುರುತಿನ ತಪ್ಪುಗಳದ್ದೇ ಒಂದು ಲೋಕ. ಎಲ್ಲಕ್ಕಿಂತ ಹಳೆಯದು 'ಸಿನ್ಸ್' ಮತ್ತು 'ಫಾರ್'. 'ಎರಡು ವರ್ಷದಿಂದ ಇಲ್ಲಿದ್ದೇನೆ', '2022ರಿಂದ ಇಲ್ಲಿದ್ದೇನೆ'. ಕನ್ನಡಕ್ಕೆ ಎರಡಕ್ಕೂ ಒಂದೇ 'ಇಂದ'. ಇಂಗ್ಲಿಷಿಗೆ ಬೇರೆ ಬೇರೆ: ಅವಧಿಗೆ 'ಫಾರ್ ಟೂ ಇಯರ್ಸ್', ಶುರುವಾದ ಕ್ಷಣಕ್ಕೆ 'ಸಿನ್ಸ್ 2022'. ಇನ್ನೂ ದೊಡ್ಡ ಬಲೆ ಕ್ರಿಯಾಪದದಲ್ಲಿದೆ. 'ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ' ಅನ್ನುವುದನ್ನು ಹಾಗೆಹಾಗೇ ಇಳಿಸಿದರೆ 'ಐ ಆ್ಯಮ್ ವರ್ಕಿಂಗ್ ಫಾರ್ ಟೂ ಇಯರ್ಸ್' ಆಗುತ್ತದೆ. ಬೇಕಾದದ್ದು 'ಐ ಹ್ಯಾವ್ ಬೀನ್ ವರ್ಕಿಂಗ್'. ಪರೀಕ್ಷೆಯವರು 'ಫಾರ್' ಸರಿಯಾಗಿಟ್ಟು 'ಆ್ಯಮ್ ವರ್ಕಿಂಗ್'ನಲ್ಲಿ ತಪ್ಪು ಹೂತಿಡುತ್ತಾರೆ. 'ಫಾರ್' ಸರಿಯಿದೆ ಎಂದು ಕಂಡುಹಿಡಿದ ಖುಷಿಯಲ್ಲಿ ಕ್ರಿಯಾಪದ ನೋಡುವುದು ಮರೆಯುತ್ತದೆ.

ಪ್ರಿಪೊಸಿಷನ್ ಪಟ್ಟಿಯನ್ನು ಬಾಯಿಪಾಠ ಮಾಡುವವರಿಗೆ ಒಂದು ಮಾತು. ಪಟ್ಟಿಯನ್ನು ಮೊದಲು ಎರಡು ಪಾಲು ಮಾಡಿ. ಕನ್ನಡದ ವಿಭಕ್ತಿಗೆ ಹೊಂದುವುದು ಒಂದು ಕಡೆ, ಹೊಂದದ್ದು ಇನ್ನೊಂದು ಕಡೆ. 'ಡಿಪೆಂಡ್ ಆನ್' ನಮಗೆ ಸಹಜ, ಯಾಕೆಂದರೆ ಕನ್ನಡದಲ್ಲೂ ಒಂದರ 'ಮೇಲೆ' ಅವಲಂಬಿಸುತ್ತೇವೆ. ಅದನ್ನು ಓದಬೇಕಿಲ್ಲ. ಓದಬೇಕಾದದ್ದು ಹೊಂದದ ಪಾಲು. ನಾವು ಒಬ್ಬರ 'ಮೇಲೆ' ಸಿಟ್ಟಾಗುತ್ತೇವೆ, ಇಂಗ್ಲಿಷಿನಲ್ಲಿ 'ಆ್ಯಂಗ್ರಿ ವಿತ್'. ನಾವು ಗಣಿತ'ದಲ್ಲಿ' ಜಾಣರು, ಅಲ್ಲಿ 'ಗುಡ್ ಅಟ್'. ಒಬ್ಬರ 'ಜೊತೆ' ಮದುವೆ, ಅಲ್ಲಿ 'ಮ್ಯಾರೀಡ್ ಟು'. ಒಂದು ವಿಷಯದ 'ಬಗ್ಗೆ' ಚರ್ಚಿಸುತ್ತೇವೆ, ಅಲ್ಲಿ 'ಡಿಸ್ಕಸ್' ಒಂದೇ, 'ಅಬೌಟ್' ಬೇಡ. ಕೋಣೆ'ಯೊಳಗೆ' ಪ್ರವೇಶಿಸುತ್ತೇವೆ, ಅಲ್ಲಿ 'ಎಂಟರ್ಡ್ ದಿ ರೂಮ್', 'ಇಂಟು' ಬಂದರೆ ತಪ್ಪು. ಮೈಸೂರಿ'ಗೆ' ತಲುಪುತ್ತೇವೆ, ಅಲ್ಲಿ 'ರೀಚ್ಡ್ ಮೈಸೂರು', 'ಟು' ಇಲ್ಲ. 'ಗಿಂತ' ಅನ್ನುವುದು 'ದ್ಯಾನ್' ಆಗಿಯೇ ತಲೆಯಲ್ಲಿ ಕೂತಿರುವುದರಿಂದ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಿಫರ್ ಈ ಐದರ ನಂತರ 'ಟು' ಬರುತ್ತದೆ ಎಂಬುದನ್ನು ಗೋಡೆಯ ಮೇಲೆ ಬರೆದು ಅಂಟಿಸಿಕೊಂಡರೂ ತಪ್ಪಿಲ್ಲ. ನೂರೈವತ್ತು ಪದಗಳ ಪಟ್ಟಿಯನ್ನು ಹೀಗೆ ಒಮ್ಮೆ ಜಾಲಿಸಿದರೆ ನಿಜವಾಗಿ ನೆನಪಿಡಬೇಕಾದವು ಬಹಳ ಕಡಿಮೆಯಾಗುತ್ತವೆ.

ಕನ್ನಡ ಎಲ್ಲ ಕಡೆ ಕಾಲೆಳೆಯುತ್ತದೆ ಅಂದುಕೊಳ್ಳಬೇಡಿ. 'ಒನ್ ಆಫ್ ಮೈ ಫ್ರೆಂಡ್' ಎಂಬ ತಪ್ಪು ಬಹಳ ಜನ ಮಾಡುತ್ತಾರಲ್ಲ, ಅದನ್ನು ಕನ್ನಡಕ್ಕೆ ತಿರುಗಿಸಿ: 'ನನ್ನ ಗೆಳೆಯರಲ್ಲಿ ಒಬ್ಬ'. 'ಗೆಳೆಯನಲ್ಲಿ ಒಬ್ಬ' ಎಂದು ಯಾರೂ ಹೇಳುವುದಿಲ್ಲ. ಹಾಗಾದರೆ 'ಫ್ರೆಂಡ್ಸ್'. ಇದಕ್ಕೆ ನಿಯಮ ಕಲಿಯುವ ಅಗತ್ಯವೇ ಇಲ್ಲ. ಎಣಿಕೆಯಲ್ಲಿ ಮಾತ್ರ ಹುಷಾರು: 'ಐದು ಪುಸ್ತಕ ಕೊಡಿ' ಅನ್ನುವುದು ನಮಗೆ ಸರಿ, ಅಲ್ಲಿ 'ಫೈವ್ ಬುಕ್ಸ್' ಆಗಲೇಬೇಕು. ಆದರೆ ಎರಡು ಪದ ಹೊಸೆದು ವಿಶೇಷಣ ಮಾಡಿದಾಗ, 'ಎ ಫೈವ್-ರುಪೀ ಕಾಯಿನ್', 'ಎ ಟೆನ್-ಇಯರ್-ಓಲ್ಡ್ ಬಾಯ್' ಅಂದಾಗ, ಇಂಗ್ಲಿಷೂ ನಮ್ಮ ದಾರಿಗೇ ಬಂದು ಬಹುವಚನ ಬಿಡುತ್ತದೆ.

ಕನ್ನಡ ಲಿಪಿ ಪುಕ್ಕಟೆಯಾಗಿ ಕೊಡುವ ಇನ್ನೊಂದು ಸಹಾಯ 'ಎ', 'ಆ್ಯನ್' ವಿಷಯದಲ್ಲಿ. ಎ, ಇ, ಐ, ಓ, ಯು ಎಂಬ ಐದು ಅಕ್ಷರಗಳ ಮುಂದೆ 'ಆ್ಯನ್' ಎಂದು ಶಾಲೆಯಲ್ಲಿ ಕಲಿತದ್ದು ಅರ್ಧ ಸತ್ಯ. ಲೆಕ್ಕಕ್ಕೆ ಬರುವುದು ಉಚ್ಚಾರ. ಪದವನ್ನು ಕನ್ನಡದಲ್ಲಿ ಬರೆದು ನೋಡಿ. ಮೊದಲ ಅಕ್ಷರ ಸ್ವರವಾದರೆ 'ಆ್ಯನ್', ವ್ಯಂಜನವಾದರೆ 'ಎ'. ಯೂನಿವರ್ಸಿಟಿ, ಯೂರೋಪಿಯನ್ 'ಯ'ದಿಂದ ಶುರು, ಹಾಗಾಗಿ 'ಎ'. 'ವನ್-ರುಪೀ ನೋಟ್' (ನಾವು 'ಒನ್' ಎಂದು ಬರೆದರೂ ಉಚ್ಚಾರ 'ವನ್') 'ವ'ದಿಂದ ಶುರು, 'ಎ'. ಅವರ್, ಆನೆಸ್ಟ್, ಎಂಎಲ್‌ಎ ಸ್ವರದಿಂದ ಶುರು, 'ಆ್ಯನ್'. ಸ್ವರ-ವ್ಯಂಜನ ಬೇರ್ಪಡಿಸುವುದನ್ನು ಒಂದನೇ ತರಗತಿಯಲ್ಲೇ ಕಲಿತ ನಮಗೆ ಇದು ಮೂರು ಸೆಕೆಂಡಿನ ಕೆಲಸ. ಒಂದೇ ಎಚ್ಚರಿಕೆ: ಮಾತಿನಲ್ಲಿ 'ಎ'ಗೆ 'ಯ' ಸೇರಿಸಿ 'ಯೆಂಎಲ್‌ಎ' ಅನ್ನುವ ರೂಢಿ ನಮ್ಮ ಕಡೆ ಧಾರಾಳವಾಗಿದೆ, ಆ ಉಚ್ಚಾರ ನಂಬಿದರೆ ಕೆಟ್ಟಿರಿ. 'ದಿ' ಮಾತ್ರ ಲಿಪಿಯಿಂದ ಬಗೆಹರಿಯುವುದಿಲ್ಲ. ಪರ್ವತಶ್ರೇಣಿಗೆ 'ದಿ ಹಿಮಾಲಯಾಸ್', ಒಂಟಿ ಶಿಖರಕ್ಕೆ ಬರೀ 'ಮೌಂಟ್ ಎವರೆಸ್ಟ್'. ನದಿಗೆ 'ದಿ ಕಾವೇರಿ'. ಕಲಿಯಲು ಹೋದರೆ 'ಗೋ ಟು ಸ್ಕೂಲ್', ಬೇರೆ ಕೆಲಸಕ್ಕೆ ಹೋದರೆ 'ಗೋ ಟು ದಿ ಸ್ಕೂಲ್'. ಇವನ್ನು ಪಟ್ಟಿ ಮಾಡಿಯೇ ಕಲಿಯಬೇಕು.

ನಿಯಮ ಓದುವ ಕ್ರಮದಲ್ಲಿ ಸಬ್ಜೆಕ್ಟ್-ವರ್ಬ್ ಹೊಂದಾಣಿಕೆ ಮೊದಲು, ಟೆನ್ಸ್ ಎರಡನೆಯದು, ಪ್ರಿಪೊಸಿಷನ್ ಮತ್ತು ಆರ್ಟಿಕಲ್ (ಎ, ಆ್ಯನ್, ದಿ) ಮೂರನೆಯದು. ಹೊಂದಾಣಿಕೆಯಲ್ಲಿ ನಾಲ್ಕು ಬಲೆ ಪದೇ ಪದೇ ಬರುತ್ತವೆ. 'ಆಸ್ ವೆಲ್ ಆಸ್', 'ಅಲಾಂಗ್ ವಿತ್' ಬಂದಾಗ ಕ್ರಿಯಾಪದ ಮೊದಲ ಹೆಸರನ್ನು ನೋಡುತ್ತದೆ. 'ನೈದರ್... ನಾರ್' ಬಂದಾಗ ಹತ್ತಿರದ ಹೆಸರನ್ನು. 'ದಿ ನಂಬರ್ ಆಫ್' ಏಕವಚನ, 'ಎ ನಂಬರ್ ಆಫ್' ಬಹುವಚನ. 'ಈಚ್ ಆಫ್ ದಿ ಬಾಯ್ಸ್' ಏಕವಚನ, ಪಕ್ಕದಲ್ಲಿ 'ಬಾಯ್ಸ್' ಎಷ್ಟೇ ಕೂಗಿದರೂ. ಇದಕ್ಕೆ ಕೈಯ ಅಭ್ಯಾಸ ಬೇಕು: ಕ್ರಿಯಾಪದಕ್ಕೆ ಗೆರೆ ಎಳೆದು, ಅದರ ಒಡೆಯ ಯಾರು ಎಂದು ಬಾಣ ಹಾಕುವುದು. ಮೊದಲ ಎರಡು ವಾರ ಪ್ರತಿ ವಾಕ್ಯಕ್ಕೂ ಪೆನ್ಸಿಲಿನಲ್ಲಿ ಹಾಗೆ ಮಾಡಬೇಕು. ಮೂರನೇ ವಾರದಿಂದ ಕಣ್ಣೇ ಬಾಣ ಹಾಕುತ್ತದೆ. ಪರೀಕ್ಷೆ ಕಂಪ್ಯೂಟರಿನಲ್ಲಿ ಇರುವುದರಿಂದ ಪರದೆಯ ಮೇಲೆ ಗೆರೆ ಎಳೆಯಲಾಗದು, ಹಾಗಾಗಿ ಪೆನ್ಸಿಲ್ ಬಿಡುವ ದಿನವೂ ಬರಲೇಬೇಕು.

'ನೋ ಎರರ್' ಒತ್ತಲು ಕೆಲವರಿಗೆ ಭಯ, ಕೆಲವರಿಗೆ ಅದೇ ಆಸರೆ. ಇಬ್ಬರಿಗೂ ಒಂದೇ ಪರೀಕ್ಷೆ: ತಪ್ಪಿಗೆ ಹೆಸರು ಹೇಳಲು ಬರುತ್ತದೆಯೇ? 'ಇದೇನೋ ಸರಿ ಕೇಳಿಸುತ್ತಿಲ್ಲ' ಅನ್ನುವುದು ಹೆಸರಲ್ಲ. ಕ್ರಿಯಾಪದ, ಸರ್ವನಾಮ, ಪ್ರಿಪೊಸಿಷನ್, ಆರ್ಟಿಕಲ್, 'ಅಡ್ವೈಸಸ್', 'ಫರ್ನಿಚರ್ಸ್' ಥರದ ಎಣಿಸಲಾಗದ ನಾಮಪದ, 'ರಿಟರ್ನ್ ಬ್ಯಾಕ್' ಥರದ ದ್ವಿರುಕ್ತಿ, 'ನೋ ಸೂನರ್... ದ್ಯಾನ್' ಥರದ ಜೋಡಿ. ಈ ಕ್ರಮದಲ್ಲಿ ಕಣ್ಣಾಡಿಸಿ, ಯಾವುದೂ ಸಿಗದಿದ್ದರೆ ನಿರ್ಭಯವಾಗಿ 'ನೋ ಎರರ್'.

ವಾಯ್ಸ್ (ಕರ್ತರಿ-ಕರ್ಮಣಿ ಪ್ರಯೋಗ) ಮತ್ತು ನರೇಷನ್ (ಒಬ್ಬರ ಮಾತನ್ನು ಇನ್ನೊಬ್ಬರು ಹೇಳುವ ರೀತಿ) ಯಾಂತ್ರಿಕ ಕೆಲಸ, ಹೆದರುವಂಥದ್ದಲ್ಲ. ವಾಯ್ಸ್‌ನಲ್ಲಿ ಮೊದಲು ಟೆನ್ಸ್ ಹೊಂದದ ಆಯ್ಕೆಗಳನ್ನು ಹೊಡೆದುಹಾಕಿ. ಸಾಮಾನ್ಯವಾಗಿ ಎರಡು ಅಲ್ಲೇ ಬೀಳುತ್ತವೆ. ನರೇಷನ್‌ನಲ್ಲಿ ನಮಗೆ ತೊಡಕಾಗುವುದು ನಮ್ಮ 'ಅಂತ'ದಿಂದ. 'ನಾನು ನಾಳೆ ಬರ್ತೀನಿ ಅಂತ ಹೇಳಿದ' ಅಂದಾಗ ಆಡಿದವನ ಮಾತು ಹಾಗೇ ಉಳಿಯುತ್ತದೆ, 'ನಾನು' ಸಹ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ 'ಐ' 'ಹೀ' ಆಗಬೇಕು, 'ವಿಲ್' 'ವುಡ್' ಆಗಬೇಕು, 'ಟುಮಾರೋ' 'ದಿ ನೆಕ್ಸ್ಟ್ ಡೇ' ಆಗಬೇಕು. ಮೂರನ್ನೂ ಬೆರಳಿನಲ್ಲಿ ಎಣಿಸಿಕೊಳ್ಳಿ: ವ್ಯಕ್ತಿ, ಕಾಲ, ದಿನ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಂಥ ಸದಾಸತ್ಯವಾದರೆ ಕಾಲ ಬದಲಾಗುವುದಿಲ್ಲ.

ಇನ್ನು ಪದಸಂಪತ್ತು. ದಿನಕ್ಕೆ ಐವತ್ತು ಪದ ಎಂದು ಶುರುಮಾಡಿದವರು ಹತ್ತನೇ ದಿನಕ್ಕೆ ಕೈಬಿಡುತ್ತಾರೆ. ಹದಿನೈದು ಸಾಕು. ನೋಟ್‌ಬುಕ್ಕಿನ ಪುಟವನ್ನು ಉದ್ದಕ್ಕೆ ಮಡಚಿ ಎಡಕ್ಕೆ ಪದ, ಬಲಕ್ಕೆ ಅರ್ಥ ಮತ್ತು ಒಂದು ಪುಟ್ಟ ವಾಕ್ಯ. ಬಲಭಾಗ ಮುಚ್ಚಿ ಮರುದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ಬಾಯಲ್ಲಿ ಹೇಳಿನೋಡಬೇಕು. ತಪ್ಪಿದ ಪದದ ಪಕ್ಕ ಚುಕ್ಕಿ. ಮೂರು ಚುಕ್ಕಿ ಬಿದ್ದ ಪದ ಹೊಸ ಪುಟಕ್ಕೆ ಹೋಗಿ ಮತ್ತೆ ಮೊದಲಿಂದ ಶುರು. ಪದಗಳನ್ನು ಎಲ್ಲಿಂದ ಆರಿಸುವುದು? ಹಳೆಯ ಪ್ರಶ್ನೆಪತ್ರಿಕೆಗಳಿಂದ. ಸರಿಯುತ್ತರದ ಪದ ಮಾತ್ರವಲ್ಲ, ಜೊತೆಗಿದ್ದ ಮೂರು ತಪ್ಪು ಆಯ್ಕೆಗಳೂ ಪಟ್ಟಿಗೆ ಬರಬೇಕು. ಈ ವರ್ಷದ ತಪ್ಪು ಆಯ್ಕೆ ಇನ್ನೊಂದು ಪಾಳಿಯ ಪ್ರಶ್ನೆಯಾಗಿ ಬರುವುದು ಹೊಸದಲ್ಲ. ಪತ್ರಿಕೆಯ ಸಂಪಾದಕೀಯ ಓದಬೇಕೆಂಬ ಸಲಹೆ ಎಲ್ಲರೂ ಕೊಡುತ್ತಾರೆ. ಇಪ್ಪತ್ತು ನಿಮಿಷ ಓದಿ, ಕಾಂಪ್ರಹೆನ್ಷನ್‌ಗೆ ಅದು ಒಳ್ಳೆಯದು. ಆದರೆ ಎಸ್‌ಎಸ್‌ಸಿ ಪದಗಳಿಗಾಗಿ ದಿನಕ್ಕೊಂದು ಗಂಟೆ ಅದರ ಮುಂದೆ ಕೂರುವುದು, ಒಂದು ಕೊಡ ನೀರಿಗೆ ಬಾವಿ ತೋಡಿದಂತೆ.

ಒಂದು ಪದದಲ್ಲಿ ಹೇಳಿ ಎಂಬ ಪ್ರಶ್ನೆಗಳಲ್ಲಿ ಕನ್ನಡ ಓದಿದವರದ್ದೇ ಮೇಲುಗೈ ಆಗಬೇಕು. ಸಂಸ್ಕೃತದ ಸಮಾಸಗಳು ನಮಗೆ ಆಗಲೇ ಗೊತ್ತು. 'ಸೈಡ್' ಎಂಬ ಬಾಲ ಅಂದರೆ ಹತ್ಯೆ: ಪ್ಯಾಟ್ರಿಸೈಡ್ ಪಿತೃಹತ್ಯೆ, ಮ್ಯಾಟ್ರಿಸೈಡ್ ಮಾತೃಹತ್ಯೆ, ಫ್ರ್ಯಾಟ್ರಿಸೈಡ್ ಭ್ರಾತೃಹತ್ಯೆ, ರೆಜಿಸೈಡ್ ರಾಜಹತ್ಯೆ, ಇನ್‌ಫ್ಯಾಂಟಿಸೈಡ್ ಶಿಶುಹತ್ಯೆ, ಸೂಯಿಸೈಡ್ ಆತ್ಮಹತ್ಯೆ. 'ಆಮ್ನಿ' ಎಂಬ ತಲೆ ಅಂದರೆ ಸರ್ವ: ಆಮ್ನಿಷಂಟ್ ಸರ್ವಜ್ಞ, ಆಮ್ನಿಪೊಟೆಂಟ್ ಸರ್ವಶಕ್ತ, ಆಮ್ನಿಪ್ರೆಸೆಂಟ್ ಸರ್ವವ್ಯಾಪಿ, ಆಮ್ನಿವೋರಸ್ ಸರ್ವಭಕ್ಷಕ. ಹೀಗೆ ತಲೆ-ಬಾಲ ಹಿಡಿದು ಗುಂಪು ಕಟ್ಟಿದರೆ ಒಂದು ಸಂಜೆಯಲ್ಲಿ ನಲವತ್ತು ಪದ ಕೂರುತ್ತವೆ.

ಸಮಾನಾರ್ಥಕ ಪದಗಳಲ್ಲಿ ಇದೇ ಚಾಳಿ ಮುಳುವಾಗುತ್ತದೆ. 'ಚೈಲ್ಡಿಶ್', 'ಚೈಲ್ಡ್‌ಲೈಕ್' ಎರಡಕ್ಕೂ 'ಮಗುವಿನಂಥ' ಎಂದು ಬರೆದುಕೊಂಡರೆ ಮೊದಲನೆಯದು ಬೈಗುಳ, ಎರಡನೆಯದು ಹೊಗಳಿಕೆ ಎಂಬುದೇ ತಪ್ಪಿಹೋಗುತ್ತದೆ. 'ಫ್ರೂಗಲ್' ಅಂದರೆ ಹಿತಮಿತ ಖರ್ಚಿನವನು, 'ಮೈಸರ್ಲಿ' ಅಂದರೆ ಜಿಪುಣ. ಆದ್ದರಿಂದ ಪ್ರತಿ ಪದದ ಪಕ್ಕ ಒಂದು ಕೂಡು ಅಥವಾ ಕಳೆ ಚಿಹ್ನೆ ಇರಲಿ. ಅರ್ಥ ಮರೆತರೂ ಚಿಹ್ನೆ ನೆನಪಿದ್ದರೆ ನಾಲ್ಕರಲ್ಲಿ ಎರಡು ಆಯ್ಕೆ ಬಿಡಬಹುದು. ನುಡಿಗಟ್ಟುಗಳಲ್ಲಿ ಪದಶಃ ಅರ್ಥ ಕೊಡುವ ಆಯ್ಕೆ ಬಹುಮಟ್ಟಿಗೆ ಗಾಳಕ್ಕೆ ಸಿಕ್ಕಿಸಿದ ಎರೆಹುಳ. 'ಒನ್ಸ್ ಇನ್ ಎ ಬ್ಲೂ ಮೂನ್'ಗೆ 'ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ' ಅಂತ ನಮ್ಮದೇ ಜೋಡಿ ಬರೆದುಕೊಂಡರೆ ಇನ್ನು ಮರೆಯದು. 'ಕ್ರೊಕೊಡೈಲ್ ಟಿಯರ್ಸ್'ಗಂತೂ ಏನೂ ಮಾಡಬೇಕಿಲ್ಲ, ಮೊಸಳೆ ಎರಡೂ ಕಡೆ ಅಳುತ್ತದೆ.

ಸ್ಪೆಲ್ಲಿಂಗ್ ವಿಷಯಕ್ಕೆ ಬಂದರೆ ಕನ್ನಡ ಲಿಪಿಯ ಸಹಾಯ ಪೂರ್ತಿ ನಿಂತುಹೋಗುತ್ತದೆ. ಪೆನ್ನು-ಪೇಪರಿನ 'ಸ್ಟೇಷನರಿ', ನಿಂತಲ್ಲೇ ನಿಂತ 'ಸ್ಟೇಷನರಿ', ಎರಡೂ ಇಲ್ಲಿ ಹೇಗೆ ಕಾಣುತ್ತಿವೆ ನೋಡಿ! ಎನ್ವಲಪ್ಪಿನ 'ಇ' ಇರುವುದು ಪೇಪರಿನದ್ದು, ಇನ್ನೊಂದಕ್ಕೆ 'ಎ'. ಅಕಾಮಡೇಷನ್‌ಗೆ ಎರಡು 'ಸಿ', ಎರಡು 'ಎಂ'. ಅಕರೆನ್ಸ್‌ಗೆ ಎರಡು 'ಸಿ', ಎರಡು 'ಆರ್'. ಸೆಪರೇಟ್‌ನಲ್ಲಿ 'ಪಿ' ಆದ ಮೇಲೆ 'ಎ'. ಪ್ರಿವಿಲೆಜ್‌ನಲ್ಲಿ 'ಡಿ' ಇಲ್ಲ. ಮೇಂಟೇನ್‌ನ ಕೊನೆಯ 'ಎ-ಐ' ಮೇಂಟೆನೆನ್ಸ್‌ಗೆ ಹೋದಾಗ 'ಇ' ಆಗುತ್ತದೆ. ನೂರು ಸಲ ಬರೆಯುವುದಕ್ಕಿಂತ ತಪ್ಪಾಗುವ ಅಕ್ಷರವೊಂದನ್ನೇ ಕೆಂಪು ಪೆನ್ನಿನಲ್ಲಿ ಬರೆಯುವುದು ಮೇಲು. ಪರೀಕ್ಷೆ ಕೇಳುವುದು ಬರೆಯಲು ಅಲ್ಲ, ಗುರುತಿಸಲು.

ವಾಕ್ಯ ಜೋಡಿಸುವುದಕ್ಕೆ ಒಂದೇ ಕೀಲಿ: 'ಹೀ', 'ದಿಸ್', 'ಸಚ್' ಬಂದ ವಾಕ್ಯಕ್ಕಿಂತ ಮೊದಲು ಅದು ಯಾರನ್ನು ಹೇಳುತ್ತಿದೆಯೋ ಆ ಹೆಸರು ಬಂದಿರಬೇಕು. ಕ್ಲೋಜ್ ಪ್ಯಾಸೇಜ್‌ನಲ್ಲಿ ಬಿಟ್ಟ ಸ್ಥಳ ತುಂಬುವ ಮೊದಲು ಪೂರ್ತಿ ಒಮ್ಮೆ ಓದಿ, ಪ್ರಿಪೊಸಿಷನ್ ಮತ್ತು ಕ್ರಿಯಾಪದದ ಜಾಗಗಳನ್ನು ಮೊದಲು ತುಂಬಿ, ಅರ್ಥದವನ್ನು ಆಮೇಲೆ.

ಊಹಿಸಿ ಒತ್ತಬೇಕೇ ಬೇಡವೇ ಎಂಬ ವಾದವನ್ನು ಲೆಕ್ಕ ಹಾಕಿಯೇ ಮುಗಿಸಬಹುದು. ಮೊದಲ ಹಂತದಲ್ಲಿ ಸರಿಗೆ 2, ತಪ್ಪಿಗೆ 0.50 ಕಡಿತ. ಕಣ್ಣುಮುಚ್ಚಿ ನಾಲ್ಕು ಪ್ರಶ್ನೆ ಒತ್ತಿದರೆ ಸರಾಸರಿ ಒಂದು ಸರಿ, ಮೂರು ತಪ್ಪು: 2ರಲ್ಲಿ 1.5 ಹೋಗಿ ಅರ್ಧ ಅಂಕ ಉಳಿಯುತ್ತದೆ. ಎರಡು ಆಯ್ಕೆ ತೆಗೆದು ಉಳಿದ ಎರಡರಲ್ಲಿ ಒಂದನ್ನು ಒತ್ತಿದರೆ ಪ್ರತಿ ಪ್ರಶ್ನೆಗೆ ಸರಾಸರಿ 0.75 ಲಾಭ. ಎರಡನೇ ಹಂತದಲ್ಲಿ ಸರಿಗೆ 3, ತಪ್ಪಿಗೆ 1. ಅಲ್ಲಿ ಕಣ್ಣುಮುಚ್ಚಿ ಒತ್ತಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದಾದರೂ ಆಯ್ಕೆ ತೆಗೆಯಲು ಬಂದರೆ ಮಾತ್ರ ಒತ್ತುವುದು ಲಾಭ.

ಸಮಯದ ಗುರಿ 25 ಪ್ರಶ್ನೆಗೆ 12ರಿಂದ 14 ನಿಮಿಷ. ಪದ, ನುಡಿಗಟ್ಟು, ಸ್ಪೆಲ್ಲಿಂಗ್ ಪ್ರಶ್ನೆಗಳಿಗೆ ತಲಾ 15 ಸೆಕೆಂಡಿಗಿಂತ ಹೆಚ್ಚು ಬೇಡ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ದಿಟ್ಟಿಸಿ ನೋಡಿದರೆ ಬರುವುದಿಲ್ಲ. ಉಳಿಸಿದ್ದನ್ನು ತಪ್ಪು ಹುಡುಕುವುದಕ್ಕೆ, ಕ್ಲೋಜ್‌ಗೆ ಕೊಡಿ.

ಮೊದಲ ಹಂತ ಮುಗಿದು ಕೀ ಉತ್ತರಗಳು ಬಂದಾಗ ಎಸ್‌ಎಸ್‌ಸಿ ನಮ್ಮ ಉತ್ತರಗಳ ಹಾಳೆಯನ್ನೂ ಕೊಡುತ್ತದೆ. ಎಷ್ಟು ಅಂಕ ಬಂತು ಎಂದು ಕೂಡಿಸಿ ಅದನ್ನು ಮುಚ್ಚಿಡುವವರೇ ಹೆಚ್ಚು. ಲಾಗಿನ್ ತೆರೆದಿರುವಾಗಲೇ ಅದನ್ನು ಇಳಿಸಿಟ್ಟುಕೊಂಡು, ಇಂಗ್ಲಿಷಿನ ತಪ್ಪುಗಳನ್ನು ಅದೇ 200 ಪುಟದ ನೋಟ್‌ಬುಕ್ಕಿಗೆ ನಾಲ್ಕು ಕಾಲಂ ತುಂಬಿ ಇಳಿಸಿ. ಗಡಿಬಿಡಿಯಲ್ಲಿ, ನಿಜವಾದ ಕುರ್ಚಿಯಲ್ಲಿ ಕೂತು ಮಾಡಿದ ತಪ್ಪುಗಳು ಅವು. ಎರಡನೇ ಹಂತದ 45 ಪ್ರಶ್ನೆಗಳಿಗೆ ತಯಾರಿ ಆ ಪುಟದಿಂದಲೇ ಶುರುವಾಗಲಿ.